ಕಪಿಲೆ ಎತ್ತು, ಏಕಾಂತಯ್ಯನವರ ದೋಣಿ

ಏಕಾಂತಯ್ಯನವರ ದೋಣಿ ಅವರ ಮನೆಗಿಂತ ಮೊದಲೇ ಕೆಂಗೇರಿಗೆ ಬಂದಿತ್ತು. ದೇಶ ಬಿಟ್ಟು ಹೊರಟಿದ್ದ ಯಾವನೋ ಇಂಗ್ಲಿಷ್ ದೊರೆಯಿಂದ ಕೊಂಡ ತೇಗದ ದೋಣಿ. ಲಾರಿಯ ಮೇಲೆ ಬಂದು, ಹೊಂಗೆ ಮರದ ಕೆಳಗೆ ಬೋರಲಾಗಿ ಬಿದ್ದುಕೊಂಡು, ಒಂದು ವರ್ಷ ಊರಿನ ಕೋಳಿಗಳಿಗೆ ಗೂಡಾಗಿತ್ತು. ಆಮೇಲೆ ಮನೆ ಎದ್ದಿತು. ಮನೆ ಎದ್ದ ಮೇಲೆ ಜೆಟ್ಟಿ ಬೇಕು ಅನ್ನಿಸಿತು. ದಡದಿಂದ ನೀರಿನ ಮೇಲಕ್ಕೆ ಚಾಚಿದ ಹಲಗೆಯ ಕಟ್ಟಡಕ್ಕೆ ಏಕಾಂತಯ್ಯನವರು ಜೆಟ್ಟಿ ಅನ್ನುತ್ತಿದ್ದರು; ಊರಿನವರು ಅಟ್ಟ ಅಂದರು.

ಅವರು ಚಿತ್ರದುರ್ಗದ ಕಡೆಯವರು, ನಿವೃತ್ತ ಎಂಜಿನಿಯರು. ಮೂವತ್ತೆರಡು ವರ್ಷ ಕಾಲುವೆ, ಸೇತುವೆ, ತೂಬು ಎಂದು ಅಲೆದವರು, ಕೊನೆಗಾಲದಲ್ಲೂ ನೀರಿನ ಪಕ್ಕದಲ್ಲೇ ಕೂರಬೇಕೆಂದು ಹಟ ಹಿಡಿದು, ಕೆಂಗೇರಿ ಕೆರೆಯ ಏರಿ ತಗ್ಗಾಗುವ ಕೊನೆಯಲ್ಲಿ ಜಾಗ ಮಾಡಿಕೊಂಡಿದ್ದರು. ಹೆಂಡತಿ ಜಗದಾಂಬಾ ಅವರಿಗೆ ನೀರೆಂದರೆ ಆಗದು. “ಇವರಿಗೆ ಪೆನ್ಶನ್ ಬಂತು, ನನಗೆ ಸೊಳ್ಳೆ ಬಂದವು” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಜೆಟ್ಟಿ ಕಟ್ಟಲು ಸಿಕ್ಕಿದವನು ಪುರುಷೋತ್ತಮ. ಇಪ್ಪತ್ತನಾಲ್ಕು ವರ್ಷ, ಓವರ್‌ಸೀಯರ್ ಡಿಪ್ಲೊಮಾ, ರಾಜಾಜಿನಗರದಲ್ಲಿ ನಿವೇಶನ ಅಳೆಯುವ ಹಂಗಾಮಿ ಕೆಲಸ. ಬೆಳಗಾದರೆ ಸರಪಳಿ ಹಿಡಿಯುವುದು, ಗೂಟ ನೆಡಿಸುವುದು. ಮೂವತ್ತಕ್ಕೆ ನಲವತ್ತು, ನಲವತ್ತಕ್ಕೆ ಅರವತ್ತು. ಸಂಜೆ ಶ್ರೀರಾಮಪುರದ ಕೋಣೆಗೆ ಹೋಗಿ ಮಲಗಿದರೆ ಕಣ್ಣೊಳಗೂ ಗೂಟಗಳ ಸಾಲು. ಅವನ ಕಾಲು ಕೂತಲ್ಲಿ ನಿಲ್ಲುತ್ತಿರಲಿಲ್ಲ. ಅದರ ಪಾಡಿಗೆ ಅದು ಕುಣಿಯುತ್ತಿತ್ತು. ಕೋಣೆಯ ಜೊತೆಗಾರರು “ಲೋ, ಚಾಪೆ ಹರಿದುಹೋಗುತ್ತೆ ಕಣೋ” ಎಂದು ಬೈಯುತ್ತಿದ್ದರು.

ಘಟ್ಟದ ಮೇಲೆ ಹೊಸದೊಂದು ಅಣೆಕಟ್ಟು ಏಳುತ್ತಿತ್ತು. ಅಲ್ಲಿಗೆ ಹೋಗಬೇಕು ಎಂಬುದೊಂದೇ ಅವನ ತಲೆಯಲ್ಲಿ. ಎರಡು ಸಲ ಅರ್ಜಿ ಹಾಕಿದ್ದ, ಎರಡು ಸಲವೂ ಉತ್ತರ ಬಂದಿರಲಿಲ್ಲ. ಆ ಅಣೆಕಟ್ಟಿನ ದೊಡ್ಡ ಎಂಜಿನಿಯರು ಶ್ಯಾಮಸುಂದರ ರಾಯರು ಒಂದು ಕಾಲದಲ್ಲಿ ಏಕಾಂತಯ್ಯನವರ ಕೈಕೆಳಗೆ ಕೆಲಸ ಕಲಿತವರು. ಚೈತ್ರ ಮಾಸದಲ್ಲಿ ಏಕಾಂತಯ್ಯನವರು ಪುರುಷೋತ್ತಮನನ್ನು ಏರಿಯ ಮೇಲೆ ನಿಲ್ಲಿಸಿಕೊಂಡು ಹೇಳಿದ್ದರು: “ಜೆಟ್ಟಿ ಕಟ್ಟು. ದೋಣಿ ಎತ್ತಿ ತೋರಿಸು. ಶ್ಯಾಮಸುಂದರನಿಗೆ ಒಂದು ಕಾಗದ ಬರೆದುಕೊಡ್ತೀನಿ. ನನ್ನ ಕಾಗದ ತಗೊಂಡು ಹೋದೋನು ಯಾವನೂ ಬರಿಗೈಲಿ ಬಂದಿಲ್ಲ.”

ಅಲ್ಲಿಂದ ಏಳು ತಿಂಗಳು ಭಾನುವಾರ ಎಂಬುದಿರಲಿಲ್ಲ. ಬೇಸಿಗೆಯಲ್ಲಿ ಕೆರೆ ಹಿಂದಕ್ಕೆ ಸರಿದು ಕೆಸರು ಬಿಟ್ಟಿದ್ದಾಗ, ಮತ್ತಿಮರದ ಕಂಬಗಳ ಬುಡ ಸುಟ್ಟು, ಡಾಂಬರು ಬಳಿದು, ಐದೈದು ಅಡಿ ಆಳಕ್ಕೆ ಹೂಳಿಸಿದ. ನೀರಿಲ್ಲದ ಕಡೆ ನಿಂತ ಕಂಬಗಳನ್ನು ನೋಡಿ ಊರಿನವರು, ಎಂಜಿನಿಯರಪ್ಪ ಕೆಸರಿಗೆ ಚಪ್ಪರ ಹಾಕಿಸ್ತಾ ಇದಾರೆ ಎಂದು ನಕ್ಕರು. ಆಶ್ವಯುಜದ ಮಳೆಗೆ ಕೆರೆ ಕೋಡಿ ಬಿತ್ತು. ನೀರು ಬಂದು ಹಲಗೆಯ ಕೆಳಗೆ ಒಂದೂವರೆ ಗೇಣಿನಲ್ಲಿ ನಿಂತಿತು. ಪುರುಷೋತ್ತಮ ಲೆಕ್ಕ ಹಾಕಿದ್ದೂ ಒಂದೂವರೆ ಗೇಣೇ. ಅವತ್ತು ಅವನು ಕೆಂಗೇರಿ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದ.

ಉಳಿದದ್ದು ದೋಣಿ ಎತ್ತುವ ಕೆಲಸ. ಅಟ್ಟದ ಮಗ್ಗುಲಲ್ಲೇ ನಾಲ್ಕು ಎತ್ತರದ ಕಂಬ ನೆಟ್ಟು, ಮೇಲೆ ತೊಲೆ ಹಾಕಿ, ರಾಟೆ ಬಿಗಿದಿತ್ತು. ದೋಣಿಯ ಮುಂದೊಂದು ಹಿಂದೊಂದು ಹಗ್ಗದ ಉರುಳು. ಎರಡೂ ಮೇಲೆ ಹೋಗಿ ಒಂದೇ ದಪ್ಪ ಹಗ್ಗಕ್ಕೆ ಸೇರುತ್ತಿದ್ದವು. ಹಗ್ಗ ಎಳೆದರೆ ದೋಣಿ ನೀರು ಬಿಟ್ಟು ಮೇಲೇಳಬೇಕು. ಎದ್ದ ದೋಣಿಯ ಅಡಿಗೆ ಎರಡು ಅಡ್ಡಮರ ತೂರಿಸಿ, ಅದರ ಮೇಲೆ ಕೂರಿಸಬೇಕು. ಹೀಗೆ ಎತ್ತಿಟ್ಟರೆ ಮರ ಕೊಳೆಯುವುದಿಲ್ಲ. ಎಳೆಯಲು ಕೈಯಲ್ಲಿ ತಿರುಗಿಸುವ ಕಬ್ಬಿಣದ ಯಂತ್ರ ಮದರಾಸಿನಿಂದ ಬರಬೇಕಾಗಿತ್ತು. ಯಂತ್ರದ ಬದಲು, ಯಂತ್ರ ಬರುತ್ತದೆ ಎಂಬ ಕಾರ್ಡು ಮೂರು ಸಲ ಬಂತು.

ಅಷ್ಟರಲ್ಲಿ ಶ್ಯಾಮಸುಂದರ ರಾಯರೇ ಬೆಂಗಳೂರಿಗೆ ಬರುವವರಿದ್ದರು. ಬರುವ ಭಾನುವಾರ ಕೆಂಗೇರಿಯಲ್ಲಿ ಊಟ, ದೋಣಿ ವಿಹಾರ. “ಕಾಗದ ಯಾಕೆ, ಆಳೇ ಬರ್ತಾ ಇದಾನೆ. ಎದುರಿಗೇ ಎತ್ತಿ ತೋರಿಸು” ಎಂದರು ಏಕಾಂತಯ್ಯನವರು. ಪುರುಷೋತ್ತಮ ಶುಕ್ರವಾರ, ಶನಿವಾರ ರಜೆ ಹಾಕಿ ಬಂದ. ಗುರುವಾರ ಸಂಜೆಯೇ ಬಂದು ಎಂಟು ಆಳು ಹಿಡಿದು ಎಳೆಸಿ ನೋಡಿದ್ದ. ದೋಣಿ ಸೊಂಟದೆತ್ತರ ಎದ್ದು, ಎಂಟು ಜನರ ಅಂಗೈ ಸುಟ್ಟು, ಮತ್ತೆ ನೀರಿಗೆ ಬಿದ್ದಿತ್ತು.

ಆಗ ಅವನಿಗೆ ಹೊಳೆದದ್ದು ಕಪಿಲೆ.

ಕಪಿಲೆ ಅಂದರೆ ಆ ಕಡೆಯ ತೋಟದ ಬಾವಿಗಳಲ್ಲಿ ನೀರೆತ್ತುವ ಏರ್ಪಾಡು. ಚರ್ಮದ ದೊಡ್ಡ ಬಾನಿ ಬಾವಿಗಿಳಿಯುತ್ತದೆ. ಎತ್ತಿನ ಜೋಡಿ ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಬಾನಿ ಮೇಲೆ ಬಂದು ನೀರು ಸುರಿಯುತ್ತದೆ. ಎತ್ತು ತಿರುಗದೆ ಹಿಂದು ಹಿಂದಕ್ಕೇ ಹೆಜ್ಜೆಯಿಟ್ಟು ದಿಬ್ಬ ಹತ್ತುತ್ತವೆ, ಬಾನಿ ಮತ್ತೆ ಇಳಿಯುತ್ತದೆ. ಮಳೆ ಬಂದದ್ದರಿಂದ ಊರಿನ ಕಪಿಲೆಗಳೆಲ್ಲ ಸುಮ್ಮನಿದ್ದವು, ಎತ್ತುಗಳು ಕೊಟ್ಟಿಗೆಯಲ್ಲಿ ನಿಂತು ಮೇಯುತ್ತಿದ್ದವು. ಇಳಿಜಾರೂ ಸಿದ್ಧವಾಗಿತ್ತು: ಕೆರೆ ಏರಿಯ ಆಚೆ ಮಗ್ಗುಲು. ಈಚೆ ದೋಣಿ, ಮಧ್ಯೆ ಏರಿ, ಏರಿಯ ತಲೆಯ ಮೇಲೆ ಹಗ್ಗ ಉರುಳಲು ಒಂದು ಕೊರಡು, ಆಚೆ ಎತ್ತು. ಬುದ್ಧಿವಂತಿಕೆಯ ಯೋಚನೆ ಎಂದು ಅವನಿಗೇ ಅನ್ನಿಸಿತು.

ಕಪಿಲೆ ಎತ್ತಿನಲ್ಲಿ ಹೆಸರಾದ ಜೋಡಿ ತಿಮ್ಮಯ್ಯನದು. ತಿಮ್ಮಯ್ಯನಿಗೆ ಅರವತ್ತು ಹತ್ತಿರ. ಸುತ್ತಲ ಹಳ್ಳಿಯವರು ಹೊಸ ಹೋರಿಗೆ ಕಪಿಲೆ ಕಲಿಸಬೇಕಾದರೆ ತಿಮ್ಮಯ್ಯನ ಎತ್ತಿನ ಜೊತೆಗೇ ನೊಗಕ್ಕೆ ಕಟ್ಟಬೇಕು ಎಂದು ಕಾದು ನಿಲ್ಲುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಅವನು ಎತ್ತು ಹೊಡೆದುಕೊಂಡು ಬಂದು, ಏರಿ ಹತ್ತಿ, ದೋಣಿಯನ್ನೂ ರಾಟೆಯನ್ನೂ ನೋಡಿದ.

“ಎಷ್ಟು ತೂಕ ಸ್ವಾಮಿ?”

“ಎರಡು ಬಾನಿ ನೀರಿನಷ್ಟು ಅಂದ್ಕೋ.”

“ಎಳೀತವೆ. ಸುರಿಯೋದು ಎಲ್ಲಿ?”

ಪುರುಷೋತ್ತಮನಿಗೆ ನಗು ಬಂತು. “ಸುರಿಯೋಕೆ ಇದೇನು ನೀರಾ ತಿಮ್ಮಯ್ಯ? ದೋಣಿ. ಮೇಲೆ ಬಂದು ಕೂರುತ್ತೆ. ಕೂತ ಮೇಲೆ ನಾನು ಸೀಟಿ ಹೊಡೀತೀನಿ. ಆವಾಗ ಎತ್ತು ಹಿಂದಕ್ಕೆ ಬಿಡು.”

“ನಾನು ಬಿಡೋದೇನಿದೆ ಸ್ವಾಮಿ. ಅವೇ ಬರ್ತವೆ.”

“ಒಳ್ಳೇದೇ ಆಯ್ತಲ್ಲ” ಎಂದ ಪುರುಷೋತ್ತಮ. ಅವನ ಕಣ್ಣು ಆಗಲೇ ಅಡ್ಡಮರದ ಮೇಲಿತ್ತು.

ತಿಮ್ಮಯ್ಯ ಏರಿಯ ಆಚೆ ಇಳಿದ. ಅಲ್ಲಿಂದ ಅವನಿಗೆ ದೋಣಿ ಕಾಣುವುದಿಲ್ಲ. ಕಾಣುವುದು ಹಗ್ಗ ಮಾತ್ರ. ಎತ್ತು ನಡೆದವು. ಹಗ್ಗ ಬಿಗಿಯಾಗಿ ಕೊರಡು ಕಿರ್ರೆಂದಿತು. ದೋಣಿ ನೀರಿನಿಂದ ಮೇಲೆದ್ದಿತು. ಅಡಿಯಿಂದ ನೀರು ಸೋರಿತು. ಎಂಟು ಆಳಿಗೆ ಬಗ್ಗದ್ದು ಆ ಎರಡು ಎತ್ತಿಗೆ ಏನೂ ಅಲ್ಲವೆಂಬಂತೆ, ಅಲುಗದೆ, ಮಟ್ಟಸವಾಗಿ ಎದೆಯೆತ್ತರ ಬಂತು, ತಲೆಯೆತ್ತರ ಬಂತು. ಪುರುಷೋತ್ತಮ ಮುಂದಿನ ಅಡ್ಡಮರವನ್ನು ತಾನೇ ಹಿಡಿದು, ಒಬ್ಬ ಆಳಿನ ಜೊತೆ, ದೋಣಿಯ ಮೂತಿಯ ಕೆಳಗೆ ತೂರಿಸಿದ. ಮೂತಿ ಮರದ ಮೇಲೆ ಕೂತಿತು. ಹಿಂದಿನದನ್ನು ತೂರಿಸಲು ತಿರುಗಿದ.

ಅಷ್ಟರಲ್ಲಿ ಹಗ್ಗ ಸಡಿಲವಾಯಿತು. ದೋಣಿಯ ಹಿಂಭಾಗ ಸರ್ರನೆ ಕೆಳಗೆ ಹೋಗಿ, ಕಂಬಕ್ಕೆ ಬಡಿದು, ಹಲಗೆ ಸೀಳಿದ ಸದ್ದಾಯಿತು. ಮುಂದಿನ ಅಡ್ಡಮರ ಹಾರಿ ನೀರಿಗೆ ಬಿತ್ತು. ಆಳು ಪಕ್ಕಕ್ಕೆ ಜಿಗಿದು ಉಳಿದುಕೊಂಡ. ದೋಣಿ ಒಂದು ಕಡೆ ವಾಲಿ ನೀರಿನಲ್ಲಿ ಕೂತಿತು.

ಏರಿಯ ಆಚೆಯಿಂದ ತಿಮ್ಮಯ್ಯನ ಧ್ವನಿ ಬಂತು: “ಕೂತ್ಕೊಂತಾ ಸ್ವಾಮಿ?”

ಸದ್ದು ಕೇಳಿ ಏಕಾಂತಯ್ಯನವರು ಮನೆಯಿಂದ ಬಂದರು. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದವರು, ಶಲ್ಯ ಕೂಡ ಸರಿಯಾಗಿ ಹೊದ್ದಿರಲಿಲ್ಲ. ಅಟ್ಟದ ಮೇಲೆ ನಿಂತು ಸೀಳಿದ ಹಲಗೆಯನ್ನು ನೋಡಿದರು. ಅವರು ಕೂಗಾಡುವ ಜಾತಿಯವರಲ್ಲ.

“ಏನಾಯ್ತು?”

ಪುರುಷೋತ್ತಮನಿಗೆ ಏನಾಯಿತೆಂದು ಆ ಗಳಿಗೆಯಲ್ಲಿ ಪೂರ್ತಿ ಗೊತ್ತಿರಲಿಲ್ಲ. ಅರ್ಧ ಗೊತ್ತಿತ್ತು. ಬಾಯಿಗೆ ಬಂದದ್ದು ಮಾತ್ರ ಇದು: “ಎತ್ತು ಬೆದರಿದವು ಸಾರ್.”

ಏರಿಯ ತಲೆಯ ಮೇಲೆ ಅಷ್ಟು ಹೊತ್ತಿಗೆ ತಿಮ್ಮಯ್ಯ ಬಂದು ನಿಂತಿದ್ದ. ಅವನಿಗೆ ಕೇಳಿಸಿತು. ಇಳಿದು ಹೋಗಿ, ನೊಗ ಬಿಚ್ಚಿ, ಎತ್ತು ಹೊಡೆದುಕೊಂಡು ಹೊರಟುಹೋದ.

ಶನಿವಾರ ಬೆಳಿಗ್ಗೆ ಆಚಾರಿ ಬಂದು ಸೀಳಿಗೆ ಹಲಗೆಯ ತೇಪೆ ಹೊಡೆದು, ಡಾಂಬರು ತುಂಬಿದ. ದೋಣಿ ತೇಲಿತು, ನೀರು ಬರಲಿಲ್ಲ. ಆಚಾರಿ ಸುತ್ತಿಗೆ ಚೀಲಕ್ಕೆ ಹಾಕುತ್ತ, “ತಿಮ್ಮಯ್ಯನ ಎತ್ತು ಬೆದರಿದವಂತೆ? ನಮ್ಮ ಊರಲ್ಲಿ ಗುಡಿ ಬಿದ್ರೂ ಅವು ಬೆದರಲ್ಲ ಅಂತಿದ್ರು” ಎಂದ. ಆಗಲೇ ಊರೆಲ್ಲ ಹರಡಿತ್ತು.

ಪುರುಷೋತ್ತಮ ರಾತ್ರಿಯಿಡೀ ಹೊರಳಾಡಿ ಅಷ್ಟು ಹೊತ್ತಿಗೆ ಪೂರ್ತಿ ಅರ್ಥ ಮಾಡಿಕೊಂಡಿದ್ದ. ಅರ್ಥವಾದದ್ದರಿಂದ ಏನೂ ಆಗಲಿಲ್ಲ. ಭಾನುವಾರಕ್ಕೆ ಎತ್ತು ಬೇಕು. ಬೇರೆ ಎತ್ತು ತರೋಣವೆಂದು ವಿಚಾರಿಸಿದ. ಊರಿನ ಇನ್ನೊಂದು ಕಪಿಲೆ ಜೋಡಿ ಮದುವೆ ಗಾಡಿಗೆ ಹೋಗಿತ್ತು, ಉಳಿದವು ಉಳುವ ಎತ್ತು, ಹಿಂದಕ್ಕೆ ಒಂದು ಹೆಜ್ಜೆ ಇಡುವುದಿಲ್ಲ, ನಾಟಕದ ರಾಜನ ಹಾಗೆ ತಿರುಗಿಯೇ ಹೋಗಬೇಕು. ಹನ್ನೊಂದು ಗಂಟೆಗೆ ತಿಮ್ಮಯ್ಯನ ಮನೆಯ ಕಡೆ ನಡೆದ.

ತಿಮ್ಮಯ್ಯ ಜಗಲಿಯ ಮೇಲೆ ಕೂತು ಮಿಣಿಹಗ್ಗ ಹೊಸೆಯುತ್ತಿದ್ದ. ಅವನ ಹೆಂಡತಿ ಬೋರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ.

“ತಿಮ್ಮಯ್ಯ, ನಾಳೆ ಬೆಳಿಗ್ಗೆ ಎತ್ತು ಬೇಕಾಗಿತ್ತಲ್ಲ.”

ಉತ್ತರ ಬೋರಮ್ಮನಿಂದ ಬಂತು. “ಯಾವ ಎತ್ತು? ಬೆದರೋ ಎತ್ತಾ?”

“ಅದು ಏನೋ ಬಾಯಿಗೆ ಬಂತು ಕಣಮ್ಮ.”

“ಬಾಯಿಗೆ ಬಂದಿದ್ದು ಬಾಯಲ್ಲೇ ಇದ್ದಿದ್ರೆ ಆಗ್ತಿತ್ತು. ಮೂಡಲಪಾಳ್ಯದ ಬೈರಪ್ಪ ಸೋಮವಾರ ಹೋರಿ ತರ್ತೀನಿ ಅಂದಿದ್ದ, ಕಲಿಸೋಕೆ. ಇವತ್ತು ಹೊತ್ತಾರೆ ಹೇಳಿ ಕಳಿಸಿದ, ಬೇಡವಂತೆ. ಬೆದರೋದು ಕಲಿಸೋಕೆ ಅವನ ಹೋರಿಗೆ ಮೇಷ್ಟ್ರು ಬೇಡವಂತೆ.” ಮೊರ ಎತ್ತಿ ಒಂದು ಸಲ ಜೋರಾಗಿ ಹಾರಿಸಿದಳು, ಹೊಟ್ಟು ಪುರುಷೋತ್ತಮನ ಪ್ಯಾಂಟಿನ ಮೇಲೆ ಬಂತು. “ಅಪ್ಪನ ವಯಸ್ಸಿನೋರನ್ನ ತಿಮ್ಮಯ್ಯ, ಬಿಡು, ಹಿಡಿ ಅಂತೀರಿ. ಇರಲಿ, ಓದಿದೋರು. ನಿಮ್ಮ ಪುಸ್ತಕದಾಗೆ ಎತ್ತಿನ ಪಾಠ ಇರಲಿಲ್ವಾ?”

“ಸುಮ್ಕಿರೇ” ಎಂದ ತಿಮ್ಮಯ್ಯ. ಸುಮ್ಮನಿರಿಸಬೇಕೆಂಬ ಆತುರವೇನೂ ಆ ಮಾತಿನಲ್ಲಿ ಇರಲಿಲ್ಲ. ಆಮೇಲೆ ಹೊಸೆಯುವುದನ್ನು ನಿಲ್ಲಿಸಿ ಹೇಳಿದ: “ಬಾನಿ ಮೇಲೆ ಬಂದು ನೀರು ಸುರೀತದೆ. ಹಗ್ಗ ಹಗುರಾಯ್ತದೆ. ಹಗುರಾದರೆ ಹಿಂದಕ್ಕೆ ಬರಬೇಕು. ಹನ್ನೊಂದು ವರ್ಷ ಅವಕ್ಕೆ ನಾನು ಹೇಳಿಕೊಟ್ಟಿರೋದು ಅಷ್ಟೇಯ. ನಿನ್ನೆ ಹಗ್ಗ ಹಗುರಾಯ್ತು, ಬಂದವು. ನಾನೂ ದೋಣಿ ಕೂತ್ಕೊಂತು ಅಂದ್ಕೊಂಡೆ.”

“ಮುಂದಿನ ಮರ ಹಾಕಿದೆ. ಅರ್ಧ ತೂಕ ಅದು ತಗೊಂತು. ಗೊತ್ತಾಯ್ತು.”

“ಒಂದೇ ಮರ ಹಾಕಿದ್ರಾ?” ತಿಮ್ಮಯ್ಯ ಈಗ ತಲೆಯೆತ್ತಿದ. ಬೋರಮ್ಮನ ಮೊರವೂ ನಿಂತಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಮಗು ಬಾಣಲೆಗೆ ಕೈ ಹಾಕಿತೆಂದು ಕೇಳಿದವರ ಹಾಗೆ.

“ಕಪಿಲೆ ಎತ್ತಿನ ಹಗ್ಗಕ್ಕೆ ಯಾರಾದ್ರೂ ಅರ್ಧ ಇಳಿಸ್ತಾರಾ?” ಎಂದಳು ಬೋರಮ್ಮ. ಈ ಸಲ ಅವಳ ಮಾತಿನಲ್ಲಿ ಕುಹಕವೂ ಇರಲಿಲ್ಲ, ಬರಿಯ ಆಶ್ಚರ್ಯ.

“ನಾಳೆ ಎರಡೂ ಮರ ಒಟ್ಟಿಗೆ ಹಾಕ್ತೀವಿ. ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಆಮೇಲೆ ಅವು ಹಿಂದಕ್ಕೆ ಬಂದ್ರೆ ಒಳ್ಳೇದೇ. ತಿಮ್ಮಯ್ಯನೋರೇ, ನೀವು ಬರಬೇಕು.”

ತಿಮ್ಮಯ್ಯ ಆ ‘ನೀವು’ ಎಂಬುದನ್ನು ಗಮನಿಸಿದಂತೆ ಕಾಣಲಿಲ್ಲ. “ಎತ್ತು ತರ್ತೀನಿ. ನೊಗ ಹೂಡಲ್ಲ. ನೀವು ಯಜಮಾನ್ರ ಮುಂದೆ ಹೇಳಿ, ಎತ್ತು ಬೆದರಲಿಲ್ಲ ಅಂತ. ನಿನ್ನೆ ಹೇಳಿದ್ರಲ್ಲ, ಆಳುಗಳ ಮುಂದೆ, ಹಂಗೇ. ನನ್ನ ಕಿವಿಗೆ ಬೀಳಬೇಕು. ಆವಾಗ ಹೂಡ್ತೀನಿ.”

“ಹೇಳ್ತೀನಿ. ಬೆಳಿಗ್ಗೆ ಮೊದಲು ಅದೇ ಕೆಲಸ.”

ಇವತ್ತೇ ಹೇಳಬಹುದಾಗಿತ್ತು. ಏಕಾಂತಯ್ಯನವರು ಸಂಜೆಯೆಲ್ಲ ವರಾಂಡದಲ್ಲೇ ಕೂತಿದ್ದರು, ತೇಪೆಯನ್ನು ಎರಡು ಸಲ ಬಂದು ನೋಡಿದರು, ಪರವಾಗಿಲ್ಲ ಎಂದರು. ಪುರುಷೋತ್ತಮ ಎದುರಿಗೆ ನಿಂತು ಅಡ್ಡಮರದ ಉದ್ದ, ಹಗ್ಗದ ದಪ್ಪ, ನಾಳೆ ಗಾಳಿ ಯಾವ ಕಡೆಯಿಂದ ಬೀಸಬಹುದು ಎಂಬುದನ್ನೆಲ್ಲ ಮಾತಾಡಿದ. ಬಾಯಿ ಅದೊಂದರ ಹತ್ತಿರ ಹೋಗಿ ಹೋಗಿ ಬೇರೆ ಕಡೆ ತಿರುಗಿತು. ಅಣೆಕಟ್ಟಿಗೂ ತನಗೂ ನಡುವೆ ಈಗ ಒಂದು ದಿನ ಇದೆ, ಅದನ್ನು ಮುಟ್ಟಿ ಕೆಡಿಸುವುದು ಬೇಡ ಎಂದು ಅವನ ಒಳಗು ಹೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ಹೋದಾಗ ಏಕಾಂತಯ್ಯನವರು ಲಿಂಗಪೂಜೆಗೆ ಕೂತಿದ್ದರು. ಪೂಜೆ ಮುಗಿದರೆ ತಿಂಡಿ. ತಿಂಡಿ ಮುಗಿಯುವ ಹೊತ್ತಿಗೆ, ಹತ್ತಕ್ಕೆ ಬರಬೇಕಾದವರು ಒಂಬತ್ತಕ್ಕೇ ಬಂದರು. ಕಪ್ಪು ಕಾರು ಮೈಸೂರು ರಸ್ತೆಯಿಂದ ತಿರುಗಿ ಏರಿಯ ಕೊನೆಯಲ್ಲಿ ನಿಂತಿತು. ಶ್ಯಾಮಸುಂದರ ರಾಯರು ಇಳಿದರು. ಐವತ್ತರ ಮನುಷ್ಯ, ಬಿಸಿಲಲ್ಲಿ ಕಪ್ಪಾದ ಕುತ್ತಿಗೆ, ಜೇಬಿನಲ್ಲಿ ಎರಡು ಪೆನ್ನು. ಗುರುವಿನ ಕಾಲಿಗೆ ನಮಸ್ಕರಿಸಿದರು. ಕಾಫಿ ಕುಡಿದರು. “ದೋಣಿ ಎಲ್ಲಿ ಸಾರ್?” ಎಂದು ಮಕ್ಕಳ ಹಾಗೆ ಎದ್ದೇಬಿಟ್ಟರು.

ಇಬ್ಬರೂ ದೋಣಿ ಹತ್ತಿ ಹೊರಟರು. ಏಕಾಂತಯ್ಯನವರೇ ಹುಟ್ಟು ಹಾಕಿದರು. ಜಗದಾಂಬಾ ಅವರು ಬಾಗಿಲಲ್ಲಿ ನಿಂತು, “ವಾಲೀತು, ನಡುವೆ ಕೂತ್ಕೊಳ್ರಿ” ಎಂದು ಕೂಗಿದರು.

ಪುರುಷೋತ್ತಮ ಅಟ್ಟದ ಮೇಲೆ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ನಡೆದ. ಏರಿ ಹತ್ತಿ ನೋಡಿದ. ಆಚೆ ಮಗ್ಗುಲಲ್ಲಿ ತಿಮ್ಮಯ್ಯ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಎತ್ತುಗಳು ಪಕ್ಕದಲ್ಲಿ ಹುಲ್ಲು ಮೇಯುತ್ತಿದ್ದವು. ನೊಗ ನೆಲದ ಮೇಲಿತ್ತು.

“ಹೂಡಿ ತಿಮ್ಮಯ್ಯನೋರೇ. ಅವರು ಬಂದಮೇಲೆ ಹೊತ್ತು ಸಾಲಲ್ಲ.”

“ಹೇಳಿದ್ರಾ?”

“ಅತಿಥಿ ಬಂದುಬಿಟ್ರಲ್ಲ. ಮಧ್ಯಾಹ್ನ ಊಟ ಆದಮೇಲೆ ಹೇಳ್ತೀನಿ. ಆಣೆ.”

“ಹೂಡೋದೂ ಊಟ ಆದಮೇಲೇ ಆಗಲಿ ಬಿಡಿ.” ತಿಮ್ಮಯ್ಯ ಬೀಡಿಯ ಬೂದಿ ಕೊಡವಿದ. ಅವನಿಗೆ ಸಿಟ್ಟೂ ಇದ್ದಂತಿರಲಿಲ್ಲ. ಮಳೆಗೆ ಕಾಯುವವರ ಹಾಗೆ ಕೂತಿದ್ದ.

ದೋಣಿ ಕೆರೆಯ ನಡುವಿನ ತನಕ ಹೋಗಿ ತಿರುಗಿತು. ಅದು ತಿರುಗಿದ್ದನ್ನು ಕಂಡು ಪುರುಷೋತ್ತಮ ಮತ್ತೆ ಏರಿ ಹತ್ತಿದ, ಇಳಿದ. ನಾಲ್ವರು ಆಳುಗಳು ಅಡ್ಡಮರ ಹಿಡಿದು ತಮ್ಮ ಜಾಗದಲ್ಲಿ ನಿಂತು ಅವನ ಓಡಾಟವನ್ನೇ ನೋಡುತ್ತಿದ್ದರು. ಅದರಲ್ಲೊಬ್ಬ ಶುಕ್ರವಾರ ಪಕ್ಕಕ್ಕೆ ಜಿಗಿದವನು. “ಓವರ್‌ಸೀಯರಣ್ಣ, ಕಾಲಿಗೆ ಏನಾದ್ರೂ ಕಚ್ಚಿತಾ?” ಎಂದ. ಉಳಿದವರು ನಕ್ಕರು.

ದೋಣಿ ಅಟ್ಟಕ್ಕೆ ತಾಗಿತು. ರಾಯರು ಮೊದಲು ಇಳಿದರು. ಏಕಾಂತಯ್ಯನವರು ಇಳಿದು, ಕೈ ಒರೆಸಿಕೊಳ್ಳುತ್ತ, “ಈಗ ನೋಡು ಶ್ಯಾಮಸುಂದರ, ಇದು ಹೆಂಗೆ ಮೇಲೆ ಹೋಗ್ತದೆ ಅಂತ. ಇವನೇ ನಮ್ಮ ಪುರುಷೋತ್ತಮ, ನಾನು ಹೇಳಿದ್ನಲ್ಲ” ಎಂದರು. ಆಳುಗಳು ಉರುಳು ತೊಡಿಸಿದರು. ಎಲ್ಲರೂ ಏರಿಯ ಕಡೆ ನೋಡಿದರು. ಹಗ್ಗ ಅಲುಗಲಿಲ್ಲ.

“ಯಾಕಪ್ಪ? ಎತ್ತು ಹೂಡಿಲ್ವಾ?”

ಹಗ್ಗದ ಕೊನೆಯಲ್ಲಿ, ಏರಿಯ ತಲೆಯ ಮೇಲೆ, ತಿಮ್ಮಯ್ಯ ಬಂದು ನಿಂತಿದ್ದ. ಕೈಕಟ್ಟಿಕೊಂಡಿದ್ದ.

ಪುರುಷೋತ್ತಮನಿಗೆ ಬಾಯಿ ತೆರೆಯುವುದರ ಹೊರತು ದಾರಿ ಇರಲಿಲ್ಲ. “ಸಾರ್, ಶುಕ್ರವಾರ ಎತ್ತು ಬೆದರಲಿಲ್ಲ” ಎಂದ. ತನ್ನ ಧ್ವನಿ ಬೇಕಾದದ್ದಕ್ಕಿಂತ ಜೋರಾಯಿತೆನ್ನಿಸಿತು. “ನಾನು ಒಂದು ಅಡ್ಡಮರ ಮೊದಲು ತೂರಿಸಿದೆ. ಅರ್ಧ ತೂಕ ಇಳೀತು. ಹಗ್ಗ ಹಗುರಾದ್ರೆ ಹಿಂದಕ್ಕೆ ಬರೋದು ಅವುಗಳ ಅಭ್ಯಾಸ. ಅದನ್ನ ನಾನು ವಿಚಾರಿಸಲಿಲ್ಲ. ತಪ್ಪು ನನ್ನದು. ತಿಮ್ಮಯ್ಯನವರದಲ್ಲ, ಎತ್ತಿನದಲ್ಲ.”

ತಿಮ್ಮಯ್ಯ ತಿರುಗಿ ಇಳಿದು ಹೋದ. ನೊಗದ ಸದ್ದು ಕೇಳಿಸಿತು. ಹಗ್ಗ ಬಿಗಿಯಾಯಿತು.

ದೋಣಿ ಎದ್ದಿತು. ಎದೆಯೆತ್ತರ, ತಲೆಯೆತ್ತರ. “ಹಾಕಿ” ಎಂದ ಪುರುಷೋತ್ತಮ. ಎರಡೂ ಅಡ್ಡಮರ ಒಟ್ಟಿಗೆ ಒಳಹೋದವು. ದೋಣಿ ಕೂತಿತು. ಹಗ್ಗ ಸಡಿಲಾಯಿತು, ಆಚೆ ಎತ್ತುಗಳು ಹಿಂದಕ್ಕೆ ಬರುವ ಗೊರಸಿನ ಸದ್ದು, ಅಷ್ಟೇ. ಸೀಟಿ ಹೊಡೆಯುವ ಅಗತ್ಯವೇ ಇರಲಿಲ್ಲ.

ರಾಯರು ದೋಣಿಯನ್ನು ಅರ್ಧ ನಿಮಿಷ ನೋಡಿದರು. ಆಮೇಲೆ ಪಂಚೆ ಎತ್ತಿಕಟ್ಟಿ ಏರಿ ಹತ್ತಿ ಆಚೆ ಇಳಿದೇಬಿಟ್ಟರು. ಪುರುಷೋತ್ತಮ ಏರಿಯ ಮೇಲಿನಿಂದ ನೋಡುತ್ತಿದ್ದ. ರಾಯರು ಎತ್ತಿನ ಬೆನ್ನು ಸವರುತ್ತಿದ್ದರು. ಎಷ್ಟು ದಿನ ಕಲಿಸಬೇಕು, ಎಡದ್ದು ಮೊದಲು ಕಲಿಯುತ್ತದೋ ಬಲದ್ದೋ, ಕತ್ತಲಲ್ಲಿ ಮಾಡುತ್ತವೆಯೇ ಎಂದು ಕೇಳುತ್ತಿದ್ದರು. ಯಾರ ಮುಂದೂ ನಾಲ್ಕು ಮಾತಾಡದ ತಿಮ್ಮಯ್ಯ ಕೈ ಆಡಿಸಿ ಆಡಿಸಿ ಹೇಳುತ್ತಿದ್ದ. ಕಾಲು ಗಂಟೆ ಹೀಗೆ ನಡೆಯಿತು. ಪುರುಷೋತ್ತಮನ ಕಡೆ ರಾಯರು ತಿರುಗಲಿಲ್ಲ. ಅಲಕ್ಷ್ಯ ಮಾಡಬೇಕೆಂದೇನಲ್ಲ, ಎತ್ತು ಅವನಿಗಿಂತ ಸ್ವಾರಸ್ಯವಾಗಿದ್ದವು.

ಊಟ ಒಳಗೆ ನಡೆಯಿತು. ಪುರುಷೋತ್ತಮನಿಗೆ ವರಾಂಡದಲ್ಲಿ ಎಲೆ ಹಾಕಿದರು. ಜಗದಾಂಬಾ ಅವರು ಎರಡನೆಯ ಹೋಳಿಗೆಗೆ ತುಪ್ಪ ಬಡಿಸುತ್ತ, “ದೋಣಿ ಎತ್ತಿಟ್ಟೆ, ಪುಣ್ಯ ಕಟ್ಕೊಂಡಿ. ಇನ್ನು ಇಳಿಸಬೇಡ” ಎಂದರು. ಒಳಗಿನಿಂದ ಸಿಮೆಂಟು, ಜಲ್ಲಿ, ಘಟ್ಟದ ಮಳೆಯ ಮಾತು ಕೇಳಿಸುತ್ತಿತ್ತು. ಅವನ ಹೆಸರು ಬರಬಹುದೆಂದು ಕಿವಿಯಿಟ್ಟು ಕೂತ. ಮೂರು ಗಂಟೆಗೆ ಕಾರು ಹೊರಟಿತು. ಹೊರಡುವಾಗ ರಾಯರು ಅವನಿಗೆ ತಲೆಯಾಡಿಸಿದರು, ಡ್ರೈವರಿಗೂ ಹಾಗೇ ಆಡಿಸಿದರು.

ಕಾರಿನ ಧೂಳು ಇಳಿದ ಮೇಲೆ ಏಕಾಂತಯ್ಯನವರು ಅಟ್ಟದ ಹಲಗೆಯ ಮೇಲೆ ಬಂದು ಕೂತರು. ಪುರುಷೋತ್ತಮನನ್ನೂ ಕೂರಿಸಿದರು.

“ಚೆನ್ನಾಗಿ ಕಟ್ಟಿದಿ. ಕಂಬ ಒಂದೂ ಅಲುಗಲಿಲ್ಲ. ನೀರಿನ ಮಟ್ಟ ಕೂದಲೆಳೆಯಷ್ಟೂ ತಪ್ಪಿಲ್ಲ.”

“ಸಾರ್.”

“ಕಾಗದ ಬರೆಯಲ್ಲ.”

ಪುರುಷೋತ್ತಮನ ಕಾಲು ಕುಣಿಯುವುದು ನಿಂತಿತು.

“ಶ್ಯಾಮಸುಂದರನ ಮುಂದೆ, ಆಳುಗಳ ಮುಂದೆ ಹೇಳಿದೆ ಅಂತ ನನಗೇನೂ ಬೇಜಾರಿಲ್ಲ. ದೋಣಿ ಒಡೆದದ್ದಕ್ಕೂ ಇಲ್ಲ. ನಾನು ಒಂದು ಸೇತುವೆ ಕಮಾನನ್ನೇ ಕೆಡವಿದೀನಿ, ಕೆಲಸಕ್ಕೆ ಸೇರಿದ ವರ್ಷ. ಆದರೆ ಶುಕ್ರವಾರ ಆದದ್ದನ್ನ ನೀನು ಭಾನುವಾರ ಹೇಳಿದೆ. ಅದೂ ಆ ಮುದುಕ ಎತ್ತು ಹೂಡಲ್ಲ ಅಂತ ನಿಂತ ಮೇಲೆ. ಹೌದೋ ಅಲ್ವೋ?”

“ಹೌದು ಸಾರ್.”

“ಅಣೆಕಟ್ಟಲ್ಲಿ ಒಂದು ಕಡೆ ಸೀಳು ಬಿಟ್ಟರೆ, ಕಂಡ ಗಳಿಗೆಯಲ್ಲೇ ಬಂದು ಹೇಳೋನು ಬೇಕು. ಎರಡು ದಿನ ಬಿಟ್ಟು, ಬೇರೆ ದಾರಿ ಇಲ್ಲದಾಗ ಹೇಳೋನಿಗೆ ನಾನು ಹೆಂಗೆ ರುಜು ಹಾಕಲಿ? ಶುಕ್ರವಾರವೇ ಹೇಳಿದ್ದಿದ್ರೆ ಬೈದು ಮರೆತುಬಿಡ್ತಿದ್ದೆ.”

ಪುರುಷೋತ್ತಮ ಶುಕ್ರವಾರ ತನಗೇ ಪೂರ್ತಿ ಗೊತ್ತಿರಲಿಲ್ಲ ಎನ್ನಬಹುದಾಗಿತ್ತು. ಆದರೆ ಶನಿವಾರ ಗೊತ್ತಿತ್ತು. ಇವರನ್ನು ಕೆಟ್ಟವರೆಂದುಕೊಂಡರೆ ಸುಲಭವಾಗುತ್ತಿತ್ತು. ಅದಕ್ಕೂ ದಾರಿ ಇರಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವನು ಎದ್ದ, ನಮಸ್ಕಾರ ಮಾಡಿದ.

“ಆಗಾಗ ಬಾ. ದೋಣಿ ಇಳಿಸೋಕೆ ನೀನೇ ಬೇಕು” ಎಂದರು ಏಕಾಂತಯ್ಯನವರು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ತಿಮ್ಮಯ್ಯನ ಮನೆ ಸಿಕ್ಕಿತು. ಬೋರಮ್ಮ ಜಗಲಿಯಲ್ಲಿದ್ದಳು. ಅವನು ಏನಾದರೂ ಕೇಳಿಸೀತೆಂದು ನಡಿಗೆ ನಿಧಾನ ಮಾಡಿದ. “ಬೈರಪ್ಪನಿಗೆ ಹೇಳಿ ಕಳಿಸಿದೀವಿ, ಹೋರಿ ತಾ ಅಂತ” ಎಂದಳು. ಅಷ್ಟೇ. ಉಪಕಾರವಾಯಿತೆಂದು ಹೇಳಲಿಲ್ಲ. ಹೇಳಲು ಅವನು ಉಪಕಾರವನ್ನೂ ಮಾಡಿರಲಿಲ್ಲ.

ಸೋಮವಾರ ರಾಜಾಜಿನಗರದಲ್ಲಿ ಎಂದಿನ ಹಾಗೆ ಸರಪಳಿ ಹಿಡಿದ. ತಲೆ ಬೇರೆಲ್ಲೋ ಇತ್ತು. ಹತ್ತು ಗಂಟೆಯ ಹೊತ್ತಿಗೆ ಒಂದು ಸಾಲು ಪೂರ್ತಿ ನೆಟ್ಟು ತಿರುಗಿ ನೋಡಿದರೆ, ಮೂಲೆಯ ಗೂಟ ಮೂರು ಅಡಿ ರಸ್ತೆಯೊಳಕ್ಕೆ ಬಂದಿತ್ತು. ಅದನ್ನು ಹಿಡಿದು ನೆಟ್ಟ ಹದಿನಾಲ್ಕು ನಿವೇಶನವೂ ತಪ್ಪು. ಆಳುಗಳಿಗೆ ಗೊತ್ತಾಗಿರಲಿಲ್ಲ. ನಾಳೆ ಸದ್ದಿಲ್ಲದೆ ಸರಿಸಿ ನೆಡಬಹುದಾಗಿತ್ತು.

ಅವನು ಸರಪಳಿ ಕೆಳಗೆ ಹಾಕಿ ನೆಟ್ಟಗೆ ಮೇಲಿನವರಾದ ರಾಮಯ್ಯನವರ ಹತ್ತಿರ ಹೋದ. “ಸಾರ್, ಹದಿನಾಲ್ಕು ಗೂಟ ತಪ್ಪು ನೆಟ್ಟಿದೀನಿ. ಈಗ ತಾನೇ ನೋಡಿದೆ. ನನ್ನದೇ ತಪ್ಪು” ಎಂದ.

ರಾಮಯ್ಯನವರು ಛತ್ರಿ ಮಡಿಸಿ, ಅದರ ತುದಿಯಿಂದ ಅವನ ಎದೆಗೆ ತಿವಿಯುತ್ತ ಬೈಯಲು ಶುರುಮಾಡಿದರು. ಊಟದ ಹೊತ್ತಿನ ತನಕ ಬೈದರು. ಊಟ ಮಾಡಿ ಬಂದು ಮತ್ತೆ ಬೈದರು. ಮರೆಯಲಿಲ್ಲ. ತಿಂಗಳ ಕೊನೆಗೆ ಹಂಗಾಮಿಗಳಲ್ಲಿ ಯಾರನ್ನು ತೆಗೆಯಬೇಕೆಂಬ ಪಟ್ಟಿ ಬರೆಯುವಾಗಲೂ ಅವರಿಗೆ ಚೆನ್ನಾಗಿ ನೆನಪಿತ್ತು.